ವಯಸ್ಸಾದವರ ಮಲಬದ್ಧತೆ: ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಯಾವಾಗ ಮಾಡಬೇಕು

ವಯಸ್ಸಾದವರಿಗೆ ಹೊಟ್ಟೆ ಕಟ್ಟಿದೆ ಅಂದರೆ ಎಲ್ಲರೂ ಹೇಳುವ ಸಲಹೆ ಒಂದೇ: ನೀರು ಜಾಸ್ತಿ ಕುಡಿಯಿರಿ, ನಾರಿನಂಶ ತಿನ್ನಿ, ನಡೆದಾಡಿ. ಸಲಹೆಯೇನೋ ತಪ್ಪಲ್ಲ. ಆದರೆ 30ರ ವಯಸ್ಸಿನವರಿಗೆ ಸಾಕಾಗುವ ಈ ಮೂರು ಮಾತು 75 ದಾಟಿದವರಿಗೆ ಎಷ್ಟೋ ಸಲ ಸಾಕಾಗುವುದಿಲ್ಲ. ಕೆಲವರಿಗಂತೂ ಇದರಿಂದಲೇ ತೊಂದರೆ ಹೆಚ್ಚುತ್ತದೆ. ಹಿರಿಯರಲ್ಲಿ ಮಲಬದ್ಧತೆಯ ಕಾರಣ ಊಟದ ತಟ್ಟೆಯಲ್ಲೇ ಇರಬೇಕೆಂದಿಲ್ಲ. ಮಾತ್ರೆಯ ಡಬ್ಬಿಯಲ್ಲಿ ಇರಬಹುದು. ಎತ್ತರ ಹೊಂದದ ಕಮೋಡಿನಲ್ಲಿ ಇರಬಹುದು. ರಾತ್ರಿ ಕತ್ತಲಲ್ಲಿ ಎದ್ದು ಹೋಗಲು ಹೆದರುವ ಮನಸ್ಸಿನಲ್ಲೂ ಇರಬಹುದು.

ಹಾಗಾಗಿ ಇಲ್ಲಿ ಕ್ರಮ ಸ್ವಲ್ಪ ಬೇರೆ ಇದೆ. ಆಹಾರಕ್ಕೆ ಬರುವುದು ನಡುವಿನಲ್ಲಿ. ಅದಕ್ಕೂ ಮುಂಚೆ ನೋಡಬೇಕಾದ ಕೆಲವು ವಿಷಯಗಳಿವೆ, ಅವನ್ನು ದಾಟಿ ಮುಂದೆ ಹೋಗಬೇಡಿ.

ಹಂತ 1: ಇದು ನಿಜವಾಗಿ ಮಲಬದ್ಧತೆಯೇ?

ದಿನಾ ಬೆಳಿಗ್ಗೆ ಹೊಟ್ಟೆ ಖಾಲಿಯಾಗಲೇಬೇಕು ಅನ್ನುವುದು ತುಂಬ ಹಿರಿಯರ ಗಟ್ಟಿ ನಂಬಿಕೆ. ಒಂದು ದಿನ ತಪ್ಪಿದರೆ ಸಾಕು, ಭೇದಿ ಮಾತ್ರೆ ಹುಡುಕುತ್ತಾರೆ. ಆದರೆ ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜವೇ. ಎರಡು ದಿನಕ್ಕೊಮ್ಮೆ ಹೋದರೂ ಮಲ ಮೆತ್ತಗಿದ್ದು, ತಿಣುಕದೆ ಸಲೀಸಾಗಿ ಆಗುತ್ತಿದ್ದರೆ ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಅದು ಅವರ ದೇಹದ ರೂಢಿ, ಅಷ್ಟೇ.

ಇದಕ್ಕೆ ಉಲ್ಟಾ ಕೂಡ ಇದೆ. ದಿನಾ ಹೋಗುತ್ತಾರೆ, ಆದರೆ ಕಲ್ಲಿನಂಥ ನಾಲ್ಕು ಉಂಡೆ ಬರುವಷ್ಟರಲ್ಲಿ ಬೆವರು ಇಳಿದಿರುತ್ತದೆ. ಎದ್ದು ಬಂದ ಮೇಲೂ ಪೂರ್ತಿ ಆಗಿಲ್ಲ ಅನಿಸುತ್ತದೆ. ಇದು ಮಲಬದ್ಧತೆಯೇ. ಎಷ್ಟು ಸಲ ಅನ್ನುವುದಕ್ಕಿಂತ ಹೇಗೆ ಆಗುತ್ತದೆ ಅನ್ನುವುದು ಮುಖ್ಯ.

ಇದನ್ನು ಅಳೆಯಲು ಡಾಕ್ಟರುಗಳು ಬ್ರಿಸ್ಟಲ್ ಪಟ್ಟಿ ಅನ್ನುವ ಒಂದು ಚಿತ್ರಪಟ್ಟಿ ಬಳಸುತ್ತಾರೆ. ಅದರಲ್ಲಿ ಮಲವನ್ನು ಅದರ ರೂಪ ನೋಡಿ 7 ಬಗೆಯಾಗಿ ವಿಂಗಡಿಸಿದ್ದಾರೆ. ಆಡಿನ ಹಿಕ್ಕೆಯಂಥ ಬಿಡಿ ಉಂಡೆ 1ನೇ ಬಗೆ. ಉಂಡೆಗಳು ಅಂಟಿಕೊಂಡು ಗಂಟುಗಂಟಾಗಿದ್ದರೆ 2. ಈ ಎರಡೂ ಮಲಬದ್ಧತೆಯ ಗುರುತು. ಉದ್ದಕ್ಕೆ, ಮೇಲೆ ಸ್ವಲ್ಪ ಬಿರುಕಿದ್ದು ಅಥವಾ ನುಣುಪಾಗಿದ್ದು ಬಂದರೆ 3 ಮತ್ತು 4. ನಮಗೆ ಬೇಕಾಗಿರುವುದು ಇವು. ಅದರಾಚೆಗೆ ತೆಳುವಾಗುತ್ತ ಹೋಗಿ 7ಕ್ಕೆ ಪೂರ್ತಿ ನೀರು.

ಒಂದು ವಾರ ಬರೆದಿಡಿ. ದಿನಾಂಕ, ಹೊತ್ತು, ಯಾವ ಬಗೆ, ತಿಣುಕಬೇಕಾಯಿತೇ, ಯಾವ ಔಷಧಿ ತೆಗೆದುಕೊಂಡರು. ಇಷ್ಟು ಸಾಕು. ಹೇಳಿಕೊಳ್ಳಲು ನಾಚಿಕೆ ಪಡುವ ಅಪ್ಪ ಅಮ್ಮ ಬಾಯಿ ಬಿಟ್ಟು ವಿವರಿಸಲಾರದ್ದನ್ನು ಸಂಖ್ಯೆಯಲ್ಲಿ ಸುಲಭವಾಗಿ ಹೇಳುತ್ತಾರೆ: "ಇವತ್ತು ಎರಡು" ಅಂದರೆ ಮುಗೀತು.

ಹಂತ 2: ಮನೆಮದ್ದಿಗೆ ಕೈ ಹಾಕಬಾರದ ಸಂದರ್ಭ

ಕೆಳಗಿನ ಯಾವುದಾದರೂ ಇದ್ದರೆ ಈ ಲೇಖನ ಪಕ್ಕಕ್ಕಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ:

- ಹೊಟ್ಟೆ ಉಬ್ಬಿ ಬಿಗಿಯಾಗಿದೆ, ಮಲವೂ ಇಲ್ಲ, ಗಾಳಿಯೂ ಹೋಗುತ್ತಿಲ್ಲ
- ಇದರ ಜೊತೆ ವಾಂತಿ, ಜ್ವರ ಅಥವಾ ತಡೆಯಲಾಗದ ಹೊಟ್ಟೆನೋವು ಇದೆ
- ತುಂಬ ರಕ್ತ ಹೋಗುತ್ತಿದೆ, ಅಥವಾ ಮಲ ಟಾರಿನಂತೆ ಕಪ್ಪಗೆ ಅಂಟಂಟಾಗಿದೆ
- ಇದ್ದಕ್ಕಿದ್ದಂತೆ ಮೂತ್ರ ಕಟ್ಟಿದೆ, ಅಥವಾ ದಿಕ್ಕೆಟ್ಟಂತೆ ಮಾತಾಡುತ್ತಿದ್ದಾರೆ

ಕರುಳಿನಲ್ಲಿ ಅಡ್ಡಿ ಉಂಟಾಗಿದ್ದಾಗ ಭೇದಿ ಔಷಧಿ ಕೊಟ್ಟರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಮೊದಲನೆಯ ಎರಡು ಲಕ್ಷಣ ಕಂಡರೆ ಬಾಯಿಂದಲೂ ಏನೂ ಕೊಡಬೇಡಿ, ಕೆಳಗಿನಿಂದಲೂ ಏನೂ ಹಾಕಬೇಡಿ.

ಇನ್ನು ಕೆಲವು ಅಷ್ಟು ತುರ್ತಲ್ಲ, ಆದರೆ ಕೆಲವೇ ದಿನಗಳಲ್ಲಿ ಡಾಕ್ಟರಿಗೆ ತೋರಿಸಲೇಬೇಕು. ಇಷ್ಟು ವರ್ಷ ಚೆನ್ನಾಗಿದ್ದವರಿಗೆ ಈಗ ಹೊಸದಾಗಿ ಶುರುವಾದ ಮಲಬದ್ಧತೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಮಲದಲ್ಲಿ ಆಗಾಗ ರಕ್ತ, ಮನೆಯಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಆಗಿದ್ದ ಇತಿಹಾಸ. ರಕ್ತ ಕಂಡರೆ ಮೂಲವ್ಯಾಧಿ ಇರಬೇಕು ಬಿಡಿ ಅಂತ ನೀವೇ ತೀರ್ಮಾನ ಮಾಡಬೇಡಿ. ಮೂಲವ್ಯಾಧಿಯೇ ಇರಬಹುದು, ಆದರೆ ಆ ಮಾತು ಪರೀಕ್ಷೆ ಮಾಡಿದವರಿಂದ ಬರಲಿ. ಕಬ್ಬಿಣದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತದೆ, ಅದನ್ನು ಡಾಕ್ಟರಿಗೆ ತಿಳಿಸಿ.

ಹಂತ 3: ಕೆಳಗೆ ಸಿಕ್ಕಿಕೊಂಡಿದೆಯೇ ನೋಡಿ

ಇದೇ ತುಂಬ ಜನರ ಕಣ್ಣು ತಪ್ಪಿಸುವ ಹಂತ. ಎಷ್ಟೋ ದಿನದ ಮಲ ಗುದನಾಳದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ. ಹಿಂದಿನಿಂದ ಬಂದ ತೆಳು ಮಲ ಅದರ ಸಂದಿಯಿಂದ ಸೋರುತ್ತದೆ. ಹೊರಗೆ ಕಾಣುವುದು ಭೇದಿ! ಒಳ ಉಡುಪಿನಲ್ಲಿ ಕಲೆ, ತಿಳಿಯದೆಯೇ ಆಗಿಬಿಡುವುದು, ದಿನಕ್ಕೆ ನಾಲ್ಕಾರು ಸಲ ಸ್ವಲ್ಪ ಸ್ವಲ್ಪ ನೀರು ನೀರಾಗಿ. ಮನೆಯವರು ಭೇದಿ ನಿಲ್ಲಿಸುವ ಮಾತ್ರೆ ಕೊಡುತ್ತಾರೆ. ಒಳಗಿನ ಗಡ್ಡೆ ಇನ್ನೂ ಬಿಗಿಯಾಗುತ್ತದೆ.

ಹಲವು ದಿನ ಸರಿಯಾಗಿ ಆಗದೆ, ಆಮೇಲೆ ಹೀಗೆ ಸೋರತೊಡಗಿದರೆ ಅನುಮಾನ ಪಡಿ. ಹಸಿವಿಲ್ಲದಿರುವುದು, ಗುದದ ಹತ್ತಿರ ಭಾರ, ಮೂತ್ರ ಸರಿಯಾಗಿ ಬಾರದಿರುವುದು, ಮಂಕು ಕವಿದಂತೆ ಇರುವುದು ಇದರ ಜೊತೆಗಾರರು. ಕೈಗವಸು ಹಾಕಿದ ಬೆರಳಿನಿಂದ ಡಾಕ್ಟರ್ ಅಥವಾ ನರ್ಸ್ ಪರೀಕ್ಷಿಸಿದರೆ ಬೇಗ ಗೊತ್ತಾಗುತ್ತದೆ. ಮನೆಯಲ್ಲಿ ನೀವೇ ಬೆರಳು ಹಾಕಿ ತೆಗೆಯಲು ಹೋಗಬೇಡಿ. ವಯಸ್ಸಾದವರ ಗುದದ ಒಳಪದರ ತೆಳುವಾಗಿರುತ್ತದೆ, ಗಾಯವಾಗಿ ರಕ್ತ ಬರಬಹುದು. ಹೃದಯದ ಬಡಿತ ಏರುಪೇರಾಗಿ ತಲೆಸುತ್ತಿ ಬೀಳುವುದೂ ಉಂಟು.

ಹೀಗೆ ಸಿಕ್ಕಿಕೊಂಡಿರುವಾಗ ನಾರಿನಂಶ ತಿನ್ನಿಸುವುದು ಜಾಮ್ ಆದ ರಸ್ತೆಗೆ ಇನ್ನಷ್ಟು ಲಾರಿ ಬಿಟ್ಟಂತೆ. ಮೊದಲು ದಾರಿ ತೆರವಾಗಬೇಕು. ಉಳಿದದ್ದೆಲ್ಲ ಆಮೇಲೆ.

ಹಂತ 4: ಮಾತ್ರೆ ಡಬ್ಬಿ ತೆರೆಯಿರಿ

ಹಿರಿಯರು ದಿನಕ್ಕೆ ಐದಾರು ಬಗೆಯ ಮಾತ್ರೆ ನುಂಗುವುದು ಹೊಸದೇನಲ್ಲ. ಅದರಲ್ಲಿ ಒಂದೋ ಎರಡೋ ಕರುಳನ್ನು ನಿಧಾನ ಮಾಡುವಂಥದ್ದು ಇದ್ದೇ ಇರಬಹುದು. ಮುಖ್ಯವಾಗಿ ಹುಡುಕಬೇಕಾದವು:

ನೋವಿನ ಮಾತ್ರೆಗಳಲ್ಲಿ ಟ್ರಮಡಾಲ್, ಕೊಡೀನ್, ಮಾರ್ಫಿನ್ ಜಾತಿಯವು. ಇವು ಕರುಳಿನ ಚಲನೆಯನ್ನೇ ತಗ್ಗಿಸುತ್ತವೆ. ಕೊಡೀನ್ ಕೆಲವು ಕೆಮ್ಮಿನ ಸಿರಪ್‌ನಲ್ಲೂ ಇರುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು. ಬಿಪಿ ಮತ್ತು ಹೃದಯಕ್ಕೆ ಕೊಡುವ ವೆರಪಮಿಲ್. ಮೂತ್ರ ಜಾಸ್ತಿ ಹೋಗಿಸುವ ಮಾತ್ರೆಗಳು, ಇವು ದೇಹದ ನೀರನ್ನೇ ಕಡಿಮೆ ಮಾಡುತ್ತವೆ. ಮೂತ್ರ ಹಿಡಿದಿಟ್ಟುಕೊಳ್ಳಲು ಕೊಡುವ ಆಕ್ಸಿಬ್ಯುಟಿನಿನ್, ನಿದ್ದೆ ಮತ್ತು ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಶೀತಕ್ಕೆ ಸುಮ್ನೆ ಅಂಗಡಿಯಿಂದ ತರುವ ನಿದ್ದೆ ಬರಿಸುವ ಮಾತ್ರೆಗಳು, ಅಲ್ಯೂಮಿನಿಯಂ ಇರುವ ಆ್ಯಸಿಡಿಟಿ ಔಷಧಿ, ಪಾರ್ಕಿನ್ಸನ್ ಔಷಧಿಗಳು.

ಈಗ ಒಂದು ಲೆಕ್ಕ ಹಾಕಿ. ತೊಂದರೆ ಶುರುವಾದದ್ದು ಯಾವಾಗ? ಅದಕ್ಕೆ ಎರಡು ಮೂರು ವಾರ ಮುಂಚೆ ಯಾವ ಮಾತ್ರೆ ಹೊಸದಾಗಿ ಸೇರಿತು, ಯಾವುದರ ಪ್ರಮಾಣ ಏರಿತು? ಹೊಂದಾಣಿಕೆ ಸಿಕ್ಕರೆ ಆ ಪಟ್ಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ನೀವಾಗಿ ನಿಲ್ಲಿಸಬೇಡಿ. ಬದಲಾಯಿಸಲು ದಾರಿಗಳಿರುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗಬಹುದು, ಕಬ್ಬಿಣವನ್ನು ದಿನ ಬಿಟ್ಟು ದಿನ ಕೊಡಬಹುದು, ಬಿಪಿಗೆ ಬೇರೆ ಗುಂಪಿನ ಮಾತ್ರೆ ಇರುತ್ತದೆ. ಮಾರ್ಫಿನ್ ಜಾತಿಯ ಮಾತ್ರೆ ಬಿಡಲಾಗದ ಸ್ಥಿತಿಯಿದ್ದರೆ, ಅದು ಶುರುವಾದ ದಿನದಿಂದಲೇ ಜೊತೆಗೊಂದು ಮಲ ಸಡಿಲಿಸುವ ಔಷಧಿ ಬರೆಯಿಸಿಕೊಳ್ಳಿ. ಹೊಟ್ಟೆ ಕಟ್ಟಿದ ಮೇಲೆ ನೋಡೋಣ ಅನ್ನುವುದು ಬೇಡ.

ಇದೇ ಭೇಟಿಯಲ್ಲಿ ಥೈರಾಯ್ಡ್, ಸಕ್ಕರೆ, ರಕ್ತದ ಕ್ಯಾಲ್ಸಿಯಂ, ಪೊಟ್ಯಾಸಿಯಂ ಪರೀಕ್ಷೆ ಬೇಕೇ ಅಂತಲೂ ಕೇಳಿ. ಥೈರಾಯ್ಡ್ ಕಡಿಮೆಯಿದ್ದರೆ ಕರುಳೂ ಮಂದವಾಗುತ್ತದೆ. ಖಿನ್ನತೆಯೂ ಒಂದು ಕಾರಣವೇ, ಅದನ್ನು ಮರೆಯುವವರೇ ಜಾಸ್ತಿ.

ಹಂತ 5: ಹೊತ್ತು ಮತ್ತು ಕೂರುವ ರೀತಿ

ದುಡ್ಡು ಖರ್ಚಿಲ್ಲದ, ಅಡ್ಡಪರಿಣಾಮವಿಲ್ಲದ ಹಂತ ಇದು. ಆದರೂ ಇದನ್ನೇ ಎಲ್ಲರೂ ಬಿಡುತ್ತಾರೆ.

ಹೊಟ್ಟೆಗೆ ಆಹಾರ ಬಿದ್ದ ಕೂಡಲೇ ದೊಡ್ಡ ಕರುಳು ತಾನಾಗಿ ಅಲುಗಾಡಲು ಶುರು ಮಾಡುತ್ತದೆ. ಬೆಳಿಗ್ಗೆ ಎದ್ದ ಮೇಲೆ ಈ ಚಲನೆ ಇನ್ನೂ ಜೋರಾಗಿರುತ್ತದೆ. ಎರಡೂ ಕೂಡುವ ಹೊತ್ತು ಅಂದರೆ ಬೆಳಗಿನ ತಿಂಡಿಯ ನಂತರದ ಅರ್ಧ ಗಂಟೆ. ಬಿಸಿ ಪಾನೀಯ ಕುಡಿದು, ತಿಂಡಿ ತಿಂದು, ಅದಾದ 20–30 ನಿಮಿಷಕ್ಕೆ ಹೋಗಿ ಕೂರಲಿ. ಒತ್ತಡ ಬಂದಿರಲಿ, ಬರದಿರಲಿ. ದಿನಾ ಅದೇ ಹೊತ್ತಿಗೆ. 10 ನಿಮಿಷ ಸಾಕು, ಆಗದಿದ್ದರೆ ಎದ್ದು ಬರಲಿ. ಅರ್ಧ ಗಂಟೆ ಕೂತು ತಿಣುಕಿದರೆ ಮೂಲವ್ಯಾಧಿ ಬೆಳೆಯುತ್ತದೆ ಅಷ್ಟೇ.

ಬೇರೆ ಯಾವ ಹೊತ್ತಿಗೆ ಒತ್ತಡ ಬಂದರೂ ತಡೆಯದೆ ಹೋಗಬೇಕು. ಮುಂದೂಡಿದರೆ ಮಲದ ನೀರನ್ನು ಕರುಳು ಹೀರುತ್ತಲೇ ಹೋಗುತ್ತದೆ. ಇನ್ನೂ ಗಟ್ಟಿಯಾಗುತ್ತದೆ.

ಇನ್ನು ಭಂಗಿ. ಗುದನಾಳ ಹೊರಗೆ ತೆರೆಯುವ ಜಾಗದಲ್ಲಿ ಒಂದು ಮಾಂಸಪಟ್ಟಿ ಅದನ್ನು ಮುಂದಕ್ಕೆ ಎಳೆದು ಮಡಿಕೆ ಮಾಡಿ ಹಿಡಿದಿರುತ್ತದೆ. ನೇರವಾಗಿ ಕುರ್ಚಿಯಲ್ಲಿ ಕೂತಂತೆ ಕೂತರೆ ಆ ಮಡಿಕೆ ಪೂರ್ತಿ ಬಿಡುವುದಿಲ್ಲ. ಮೊಣಕಾಲು ಸೊಂಟಕ್ಕಿಂತ ಮೇಲಕ್ಕೆ ಬಂದಾಗ ಅದು ಸಡಿಲವಾಗಿ ದಾರಿ ನೆಟ್ಟಗಾಗುತ್ತದೆ. ಮೊಣಕಾಲು ನೋವಿನಿಂದ ಕುಕ್ಕರುಗಾಲಲ್ಲಿ ಕೂರಲಾಗದವರು ಹೀಗೆ ಮಾಡಬಹುದು:

1. ಕಮೋಡಿನ ಮುಂದೆ 15–20 ಸೆಂಟಿಮೀಟರ್ ಎತ್ತರದ, ಜಾರದ ಕಾಲ್ಮಣೆ ಇಡಿ.
2. ಎರಡೂ ಪಾದ ಪೂರ್ತಿ ಅದರ ಮೇಲೆ ಊರಲಿ.
3. ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಇಡಲಿ. ಬೆನ್ನು ಗೂನಾಗದಿರಲಿ.
4. ಬಾಯಿ ಸ್ವಲ್ಪ ತೆರೆದು ನಿಧಾನವಾಗಿ ಉಸಿರು ಬಿಡುತ್ತ ಹೊಟ್ಟೆಯನ್ನು ಮುಂದಕ್ಕೆ ಉಬ್ಬಿಸಲಿ.
5. ಎದ್ದು ನಿಲ್ಲುವ ಮುಂಚೆ ಕಾಲ್ಮಣೆ ಪಕ್ಕಕ್ಕೆ ಸರಿಸಲಿ. ಎಡವುವುದು ಇಲ್ಲೇ.

ಉಸಿರು ಕಟ್ಟಿ ತಿಣುಕುವುದು ಹೃದಯದ ತೊಂದರೆ ಇರುವವರಿಗೆ ಒಳ್ಳೆಯದಲ್ಲ. ಬಿಪಿ ಏರಿ, ತಕ್ಷಣ ಇಳಿದು, ಅಲ್ಲೇ ಎಚ್ಚರ ತಪ್ಪಬಹುದು. ಸೊಂಟದ ಕೀಲು ಬದಲಾಯಿಸಿಕೊಂಡವರು ಕಾಲ್ಮಣೆ ಬಳಸುವ ಮುಂಚೆ ಆಪರೇಷನ್ ಮಾಡಿದ ಡಾಕ್ಟರನ್ನು ಕೇಳಲಿ. ಅವರಿಗೆ ತೀರಾ ಬಾಗುವುದು ಕೂಡದು ಅಂತ ಹೇಳಿರಬಹುದು.

ಒಂದು ವಿಚಿತ್ರ ಗಮನಿಸಿ. ಏಳಲು ಸುಲಭವಾಗಲಿ ಅಂತ ಕಮೋಡಿನ ಮೇಲೆ ಎತ್ತರದ ಸೀಟು ಕೂರಿಸುತ್ತೇವೆ. ಕಾಲು ನೇತಾಡುತ್ತದೆ. ಏಳುವುದು ಸುಲಭವಾಯಿತು, ಹೋಗುವುದು ಕಷ್ಟವಾಯಿತು! ಎತ್ತರದ ಸೀಟು ಬೇಕೇ ಬೇಕು ಅಂದರೆ ಸೀಟು ಎಷ್ಟು ಏರಿತೋ ಕಾಲ್ಮಣೆಯೂ ಅಷ್ಟು ಏರಬೇಕು. ಪಕ್ಕದಲ್ಲಿ ಹಿಡಿಕೆ, ರಾತ್ರಿ ದೀಪ, ಒಳಗೆ ಚಿಲಕ ಹಾಕಿಕೊಳ್ಳುವ ಅವಕಾಶ ಇರಲಿ. ಹೊರಗಿನಿಂದಲೂ ತೆಗೆಯಬಹುದಾದ ಚಿಲಕವಾದರೆ ಇನ್ನೂ ಒಳ್ಳೆಯದು. ಬಾಗಿಲ ಹೊರಗೆ ನಿಂತು "ಆಯ್ತಾ, ಆಯ್ತಾ" ಅಂತ ಕೇಳುತ್ತಿದ್ದರೆ ಯಾರಿಗೂ ಆಗುವುದಿಲ್ಲ.

ಹಂತ 6: ನೀರು

ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ. ಅದಕ್ಕೇ ಬಾಯಾರಿದಾಗ ಕುಡಿಯಿರಿ ಅಂದರೆ ಸಾಲದು. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರಿನ ಮಿತಿ ಹಾಕಿಲ್ಲದಿದ್ದರೆ ದಿನಕ್ಕೆ ಒಟ್ಟು 6–8 ಲೋಟ ದ್ರವ ಒಳಗೆ ಹೋಗಲಿ. ಹಾಲು, ಟೀ, ಸೂಪ್ ಎಲ್ಲ ಇದರಲ್ಲೇ ಸೇರಿತು. ಮಿತಿ ಹಾಕಿದ್ದರೆ ಆ ಮಿತಿಯೇ ಮಿತಿ. ಮಲಬದ್ಧತೆಯ ನೆಪದಲ್ಲಿ ದಾಟಬೇಡಿ.

ಈಗಾಗಲೇ ಸಾಕಷ್ಟು ಕುಡಿಯುತ್ತಿರುವವರಿಗೆ ಇನ್ನೂ ನಾಲ್ಕು ಲೋಟ ಸುರಿದರೆ ಅದು ಮೂತ್ರವಾಗಿ ಹೋಗುತ್ತದೆ, ಮಲ ಮೆತ್ತಗಾಗುವುದಿಲ್ಲ. ನೀರಿನಿಂದ ಲಾಭವಾಗುವುದು ಕಡಿಮೆ ಕುಡಿಯುವವರಿಗೆ. ಅವರು ಯಾಕೆ ಕಡಿಮೆ ಕುಡಿಯುತ್ತಾರೆ ಅಂತ ಕೇಳಿ ನೋಡಿ. ರಾತ್ರಿ ಏಳಬೇಕಲ್ಲ, ಬಿದ್ದರೆ ಏನು ಗತಿ, ಮಗಳನ್ನು ಎಬ್ಬಿಸಬೇಕಲ್ಲ ಅನ್ನುವ ಉತ್ತರ ಬರುತ್ತದೆ. ಅಂಥವರಿಗೆ ದಿನದ ಬಹುಪಾಲು ನೀರನ್ನು ಸಂಜೆ ಐದಾರು ಗಂಟೆಯೊಳಗೆ ಮುಗಿಸಿ. ಮಂಚದ ಹತ್ತಿರ ದೀಪದ ಸ್ವಿಚ್ ಇರಲಿ. ಭಯ ಹೋದರೆ ಲೋಟ ತಾನಾಗಿ ಖಾಲಿಯಾಗುತ್ತದೆ.

ಹಂತ 7: ನಾರಿನಂಶ, ನಿಧಾನವಾಗಿ

ದೊಡ್ಡವರಿಗೆ ದಿನಕ್ಕೆ ಸುಮಾರು 25 ಗ್ರಾಂ ನಾರು ಬೇಕು. ಆದರೆ 10 ಗ್ರಾಂ ತಿನ್ನುತ್ತಿದ್ದವರನ್ನು ನಾಳೆಯೇ 25ಕ್ಕೆ ಏರಿಸಿದರೆ ಹೊಟ್ಟೆ ಉಬ್ಬರ, ಗಾಳಿ, ಸಂಕಟ. "ಇದೆಲ್ಲ ನನಗೆ ಆಗಲ್ಲ" ಅಂತ ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ. ವಾರಕ್ಕೆ ಒಂದು ಬದಲಾವಣೆ ಮಾತ್ರ ಮಾಡಿ. ಮೊದಲ ವಾರ ತಿಂಡಿಯ ಜೊತೆ ಒಂದು ಹಣ್ಣು. ಎರಡನೆಯ ವಾರ ಊಟಕ್ಕೆ ಒಂದು ಸೌಟು ಬೇಯಿಸಿದ ತರಕಾರಿ ಜಾಸ್ತಿ. ಮೂರನೆಯ ವಾರ ಬೇಯಿಸಿದ ಕಾಳು, ಅಥವಾ ಪಾಲಿಶ್ ಮಾಡದ ಧಾನ್ಯ. ನಾಲ್ಕೈದು ವಾರದಲ್ಲಿ ಗುರಿ ಮುಟ್ಟಿದರೆ ಸಾಕು.

ಹಣ್ಣುಗಳಲ್ಲಿ ಎರಡಕ್ಕೆ ಒಳ್ಳೆಯ ಆಧಾರವಿದೆ. ಒಂದು ಪ್ರೂನ್ಸ್, ಅಂದರೆ ಒಣಗಿಸಿದ ಪ್ಲಮ್. ಅದರಲ್ಲಿ ನಾರಿನ ಜೊತೆ ಸಾರ್ಬಿಟಾಲ್ ಅನ್ನುವ ಸಕ್ಕರೆಯಂಥ ಅಂಶವಿದೆ. ಅದು ಕರುಳಿನೊಳಗೆ ನೀರು ಎಳೆದುಕೊಳ್ಳುತ್ತದೆ. ದಿನಕ್ಕೆ ನಾಲ್ಕೈದರಿಂದ ಶುರು ಮಾಡಿ. ರಾತ್ರಿ ನೆನೆಸಿಟ್ಟರೆ ಅಗಿಯಲು ಸುಲಭ. ಇನ್ನೊಂದು ಹಸಿರು ಕಿವಿ ಹಣ್ಣು, ದಿನಕ್ಕೆ ಎರಡು. ಸಕ್ಕರೆ ಕಾಯಿಲೆ ಇದ್ದವರು ಪ್ರೂನ್ಸನ್ನು ಲೆಕ್ಕ ಇಟ್ಟು ತಿನ್ನಬೇಕು. ಕಿಡ್ನಿ ತೊಂದರೆಯಿಂದ ಪೊಟ್ಯಾಸಿಯಂ ಮಿತಿ ಇರುವವರು ಎರಡನ್ನೂ ಕೇಳಿಯೇ ತಿನ್ನಬೇಕು.

ಹಲ್ಲಿನ ವಿಷಯ ಬಿಡಬೇಡಿ. ಹಲ್ಲುಸೆಟ್ಟು ಸಡಿಲವಾದವರು ತರಕಾರಿ, ಹಣ್ಣು ಮೆಲ್ಲಗೆ ಬಿಟ್ಟು ಗಂಜಿ, ಬ್ರೆಡ್, ಬಿಸ್ಕತ್ತಿಗೆ ಇಳಿದಿರುತ್ತಾರೆ. ಅವರಿಗೆ ಬೇಕಾಗಿರುವುದು ಆಹಾರದ ಉಪದೇಶ ಅಲ್ಲ, ಹಲ್ಲಿನ ಡಾಕ್ಟರು. ಅಲ್ಲಿವರೆಗೆ ಮೆತ್ತಗೆ ಬೇಯಿಸಿ, ತುರಿದು, ಸೂಪು ಮಾಡಿ ಕೊಡಿ. ಸೋಸಬೇಡಿ.

ಇಸಬ್ಗೋಲ್ ಬಳಸುವುದಾದರೆ ದಿನಕ್ಕೆ ಒಂದು ಟೀ ಚಮಚದಿಂದ ಶುರು. ದೊಡ್ಡ ಲೋಟ ತುಂಬ, ಸುಮಾರು 240 ಮಿಲಿ ನೀರಿಗೆ ಕಲಸಿ, ಗಟ್ಟಿಯಾಗುವ ಮುಂಚೆ ಕುಡಿದು ಮುಗಿಸಬೇಕು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಮಲಗುವ ಹೊತ್ತಿಗೆ ಬೇಡ. ನುಂಗಲು ಕಷ್ಟವಿರುವವರಿಗೆ ಇದನ್ನು ಕೊಡಲೇಬಾರದು, ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು.

ಹಾಸಿಗೆ ಹಿಡಿದವರು, ನೀರು ಕಡಿಮೆ ಕುಡಿಯುವವರು, ಮಾರ್ಫಿನ್ ಜಾತಿಯ ಔಷಧಿಯಲ್ಲಿರುವವರು, ಇವರಿಗೆ ಹೆಚ್ಚುವರಿ ನಾರು ಬೇಡ. ಕರುಳು ಓಡದೇ ಇರುವಾಗ ಒಳಗೆ ಗಾತ್ರ ಮಾತ್ರ ಹೆಚ್ಚುತ್ತದೆ. ಇವರಿಗೆ ನೇರವಾಗಿ 9ನೇ ಹಂತ.

ಹಂತ 8: ಓಡಾಟ

ಇದನ್ನು ಉದ್ದ ಮಾಡುವುದಿಲ್ಲ. ನಡೆಯಬಲ್ಲವರು ದಿನಾ ನಡೆಯಲಿ. ನಡೆಯಲಾಗದವರು ಕೂತಲ್ಲೇ ಮೊಣಕಾಲನ್ನು ಒಂದಾದ ಮೇಲೊಂದು ಎದೆಯ ಕಡೆ ಎತ್ತಲಿ. ಹೊಟ್ಟೆ ನೀವುವುದರಿಂದಲೂ ಕೆಲವರಿಗೆ ಅನುಕೂಲ ಆಗುತ್ತದೆ. ಮಲಗಿಸಿ, ಬಲಗಡೆ ಕೆಳಹೊಟ್ಟೆಯಿಂದ ಮೇಲಕ್ಕೆ, ಪಕ್ಕೆಲುಬಿನ ಕೆಳಗೆ ಅಡ್ಡಕ್ಕೆ, ಎಡಗಡೆಯಿಂದ ಕೆಳಕ್ಕೆ. ದೊಡ್ಡ ಕರುಳು ಸಾಗುವ ದಾರಿ ಅದೇ. 10 ನಿಮಿಷ, ಹಗುರವಾದ ಕೈ. ಹರ್ನಿಯಾ ಇದ್ದರೆ, ಹೊಟ್ಟೆಯ ಆಪರೇಷನ್ ಹೊಸದಾಗಿ ಆಗಿದ್ದರೆ, ಹೊಟ್ಟೆನೋವಿದ್ದರೆ ಮಾಡಬೇಡಿ.

ಹಂತ 9: ಔಷಧಿ

ಮೇಲಿನದ್ದೆಲ್ಲ ಮಾಡಿಯೂ ಎರಡು ಮೂರು ವಾರದಲ್ಲಿ ಸುಧಾರಿಸದಿದ್ದರೆ ಔಷಧಿ ತೆಗೆದುಕೊಳ್ಳುವುದು ಸೋಲಲ್ಲ. ತುಂಬ ಕಷ್ಟ ಪಡುತ್ತಿದ್ದರೆ ಅಷ್ಟು ಕಾಯುವುದೂ ಬೇಡ. ಎಲ್ಲ ಭೇದಿ ಔಷಧಿಯೂ ಒಂದೇ ಅಲ್ಲ ಅನ್ನುವುದು ಗೊತ್ತಿದ್ದರೆ ಸಾಕು.

ಮೊದಲ ಆಯ್ಕೆ ಕರುಳಿನೊಳಗೆ ನೀರು ಹಿಡಿದಿಡುವ ಔಷಧಿಗಳು. ಇದರಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಹಿರಿಯರಿಗೆ ಚೆನ್ನಾಗಿ ಒಗ್ಗುತ್ತದೆ. ಸಾಮಾನ್ಯ ಪ್ರಮಾಣ ದಿನಕ್ಕೆ 17 ಗ್ರಾಂ, ಒಂದು ಲೋಟ ನೀರಿನಲ್ಲಿ. ಕೆಲಸ ಶುರುವಾಗಲು ಒಂದರಿಂದ ಮೂರು ದಿನ ಬೇಕು. ಲ್ಯಾಕ್ಟುಲೋಸ್ ಸಿರಪ್ ಇನ್ನೊಂದು. 15–30 ಮಿಲಿ, ಇದಕ್ಕೂ ಒಂದೆರಡು ದಿನ. ಗಾಳಿ, ಉಬ್ಬರ ಇದರಲ್ಲಿ ಜಾಸ್ತಿ. ಇವೆರಡರಲ್ಲೂ ಜನ ಎಡವುವುದು ಒಂದೇ ಕಡೆ: ರಾತ್ರಿ ಕುಡಿದು ಬೆಳಿಗ್ಗೆ ಆಗಲಿಲ್ಲ ಅಂತ ಬಿಟ್ಟುಬಿಡುತ್ತಾರೆ, ಇಲ್ಲವೇ ಪ್ರಮಾಣ ಏರಿಸುತ್ತಾರೆ. ಮೂರು ದಿನ ದಿನಾ ತೆಗೆದುಕೊಂಡು ಆಮೇಲೆ ನೋಡಬೇಕು.

ಅಷ್ಟಕ್ಕೂ ಆಗದಿದ್ದರೆ ಕರುಳನ್ನು ಚುರುಕು ಮಾಡುವಂಥವು: ಬಿಸಾಕೊಡಿಲ್ ಅಥವಾ ಸೆನ್ನಾ. ಮಲಗುವಾಗ ತೆಗೆದುಕೊಂಡರೆ 6–12 ಗಂಟೆಯಲ್ಲಿ, ಅಂದರೆ ಬೆಳಗಿನ ಹೊತ್ತಿಗೆ ಕೆಲಸ ಮಾಡುತ್ತವೆ. ಬಿಸಾಕೊಡಿಲ್ 5 ಮಿಗ್ರಾಂನಿಂದ ಶುರುವಾಗಲಿ. ಆ ಮಾತ್ರೆಯನ್ನು ಪುಡಿ ಮಾಡಬಾರದು, ಹಾಲಿನ ಜೊತೆ ಅಥವಾ ಆ್ಯಸಿಡಿಟಿ ಔಷಧಿಯ ಜೊತೆ ನುಂಗಬಾರದು. ಮೇಲಿನ ಹೊದಿಕೆ ಜಠರದಲ್ಲೇ ಕರಗಿ ಹೊಟ್ಟೆ ಹಿಂಡುತ್ತದೆ. ಇವನ್ನು ತೆಗೆದುಕೊಂಡರೆ ಕರುಳು ಸೋಮಾರಿಯಾಗುತ್ತದೆ ಅನ್ನುವ ಭಯ ತುಂಬ ಹಳೆಯದು. ಹೇಳಿದ ಪ್ರಮಾಣದಲ್ಲಿ ಬಳಸಿದರೆ ಕರುಳಿಗೆ ಹಾನಿಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆಯಿಲ್ಲ.

ಮಲ ಕೆಳಗಡೆಯೇ ಇದ್ದು ಹೊರಬರಲು ಕಷ್ಟವಾಗುತ್ತಿದ್ದರೆ ಗ್ಲಿಸರಿನ್ ಸಪೋಸಿಟರಿ, ಅಂದರೆ ಗುದದೊಳಗೆ ಇಡುವ ಬತ್ತಿಯಂಥ ಔಷಧಿ, ಒಳ್ಳೆಯದು. ಎಡ ಮಗ್ಗುಲಿಗೆ ಮಲಗಿಸಿ, ಬಲ ಮೊಣಕಾಲು ಮಡಿಸಿ, ಸಪೋಸಿಟರಿಯನ್ನು ನೀರಲ್ಲಿ ಅದ್ದಿ ಮೆಲ್ಲಗೆ ಒಳಗೆ ತಳ್ಳಿ. ಮಲದ ಗಡ್ಡೆಯೊಳಗೆ ಚುಚ್ಚಿದರೆ ಉಪಯೋಗವಿಲ್ಲ, ಗುದನಾಳದ ಗೋಡೆಗೆ ತಾಗುವಂತೆ ಇರಬೇಕು. ಒಂದು ಗಂಟೆಯೊಳಗೆ ಒತ್ತಡ ಬರುತ್ತದೆ. ತಿಂಡಿಯಾದ ಕೂಡಲೇ ಹಾಕಿದರೆ ಕರುಳಿನ ಸಹಜ ಚಲನೆಯೂ ಜೊತೆಗೂಡುತ್ತದೆ.

ಹಿರಿಯರಲ್ಲಿ ಎಚ್ಚರ ಬೇಕಾದ ಕೆಲವು:

ಮೆಗ್ನೀಸಿಯಂ ಇರುವ ಹಾಲಿನಂಥ ಔಷಧಿಗಳು ಕಿಡ್ನಿ ದುರ್ಬಲವಾಗಿರುವವರಿಗೆ ಬೇಡ, ರಕ್ತದಲ್ಲಿ ಮೆಗ್ನೀಸಿಯಂ ಏರುತ್ತದೆ. ಲಿಕ್ವಿಡ್ ಪ್ಯಾರಾಫಿನ್ ಅನ್ನು ಮಲಗಿದಲ್ಲೇ ಇರುವವರಿಗೆ, ನುಂಗಲು ಕಷ್ಟವಿರುವವರಿಗೆ ಕೊಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಸೋಡಿಯಂ ಫಾಸ್ಫೇಟ್ ಎನಿಮಾ (ಗುದದ ಮೂಲಕ ಒಳಗೆ ಬಿಡುವ ದ್ರವ) ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಹಿರಿಯರಲ್ಲಿ ಲವಣಾಂಶ ಏರುಪೇರಾಗಿ ಕಿಡ್ನಿಗೆ ಪೆಟ್ಟು ಬೀಳುವುದುಂಟು. ಡಾಕ್ಟರು ಹೇಳದೆ ಬಳಸಬೇಡಿ. ಸೋಪುನೀರಿನ ಎನಿಮಾ ಬೇಡವೇ ಬೇಡ, ಕರುಳಿನ ಒಳಪದರ ಸುಡುತ್ತದೆ. ಹರಳೆಣ್ಣೆಯೂ ಅಷ್ಟೆ. ಹೊಟ್ಟೆ ಹಿಂಡಿ, ನೀರಾಗಿ ಹೋಗಿ, ಸುಸ್ತಾಗಿ, ಬಚ್ಚಲಿಗೆ ಓಡುವಾಗ ಬಿದ್ದರೆ ಮಲಬದ್ಧತೆಗಿಂತ ದೊಡ್ಡ ತೊಂದರೆ ಬಂತು ಅಲ್ವಾ?

ಮರೆವಿನ ಕಾಯಿಲೆ ಇರುವವರು

ಇವರು ಹೇಳುವುದಿಲ್ಲ. ಬದಲು ಚಡಪಡಿಸುತ್ತಾರೆ, ಊಟ ತಳ್ಳುತ್ತಾರೆ, ಸಿಡುಕುತ್ತಾರೆ, ಬಟ್ಟೆ ಎಳೆದಾಡುತ್ತಾರೆ. ಇದ್ದಕ್ಕಿದ್ದಂತೆ ವರ್ತನೆ ಬದಲಾದರೆ ಮೊದಲು ಕೊನೆಯ ಸಲ ಹೊಟ್ಟೆ ಖಾಲಿಯಾದದ್ದು ಯಾವಾಗ ಅಂತ ನೋಡಿ. ಅದಕ್ಕೇ 1ನೇ ಹಂತದ ಬರವಣಿಗೆ ಇಲ್ಲಿ ಬಿಡುವಂತೆಯೇ ಇಲ್ಲ. ತಿಂಡಿ, ಊಟದ ನಂತರ ಕೈ ಹಿಡಿದು ಕರೆದೊಯ್ಯಿರಿ. ಲಾಡಿಗಿಂತ ಎಲಾಸ್ಟಿಕ್ ಬಟ್ಟೆ ಸುಲಭ. ಬಚ್ಚಲಿನ ಬಾಗಿಲ ಮೇಲೆ ಕಮೋಡಿನ ದೊಡ್ಡ ಚಿತ್ರ ಅಂಟಿಸಿ, ದೀಪ ಹಾಕಿಡಿ. ಎದ್ದು ಹೋಗಲಾಗದವರಿಗೂ ಬೆಡ್‌ಪ್ಯಾನ್‌ಗಿಂತ ಮಂಚದ ಪಕ್ಕದ ಕಮೋಡ್ ಕುರ್ಚಿ ಎಷ್ಟೋ ಮೇಲು. ಮಲಗಿಕೊಂಡು ಹೋಗುವುದು ಯಾರಿಗೂ ಕಷ್ಟವೇ.

ಔಷಧಿಯಿಂದಲೂ ಆಗದಿದ್ದರೆ, ಚೆನ್ನಾಗಿ ಆದರೆ

ಮಲ ಮೆತ್ತಗೇ ಇದೆ, ಆದರೂ ಹೊರಬರುವುದಿಲ್ಲ, ಬೆರಳಿನಿಂದ ಒತ್ತಬೇಕಾಗುತ್ತದೆ ಅನ್ನುವವರಲ್ಲಿ ತೊಂದರೆ ಕರುಳಿನದ್ದಲ್ಲದಿರಬಹುದು. ತಿಣುಕುವಾಗ ಸಡಿಲವಾಗಬೇಕಾದ ತಳದ ಸ್ನಾಯುಗಳು ಬಿಗಿಯಾಗುತ್ತಿರುತ್ತವೆ. ಇದಕ್ಕೆ ಇನ್ನಷ್ಟು ಭೇದಿ ಔಷಧಿ ಉತ್ತರವಲ್ಲ. ಬಯೋಫೀಡ್‌ಬ್ಯಾಕ್ ಅನ್ನುವ ತರಬೇತಿಯಲ್ಲಿ ಆ ಸ್ನಾಯುಗಳನ್ನು ಬಿಡುವುದನ್ನು ಮತ್ತೆ ಕಲಿಸುತ್ತಾರೆ. ಜಠರ ಮತ್ತು ಕರುಳಿನ ತಜ್ಞರನ್ನು ಇದರ ಬಗ್ಗೆ ಕೇಳಿ. ಗುದದಲ್ಲಿ ಬಿರುಕಾಗಿ ಉರಿಯುತ್ತಿದ್ದರೆ ನೋವಿಗೆ ಹೆದರಿ ತಡೆದುಕೊಳ್ಳುತ್ತಾರೆ, ಮಲ ಇನ್ನೂ ಗಟ್ಟಿಯಾಗಿ ಬಿರುಕು ಹಿಗ್ಗುತ್ತದೆ. ಬೆಚ್ಚನೆಯ ನೀರಿನ ಟಬ್ಬಿನಲ್ಲಿ 10–15 ನಿಮಿಷ ಕೂರಿಸಿ, ಮುಲಾಮಿಗೆ ಡಾಕ್ಟರಿಗೆ ತೋರಿಸಿ.

ಔಷಧಿ ಹಿಡಿದು 3–4ನೇ ಬಗೆಯ ಮಲ ದಿನಾ ಅಥವಾ ದಿನ ಬಿಟ್ಟು ದಿನ ಬರತೊಡಗಿದರೆ ಅದೇ ವಾರ ನಿಲ್ಲಿಸಬೇಡಿ. ಎರಡು ಮೂರು ವಾರ ಹಾಗೇ ನಡೆಯಲಿ. ಆಮೇಲೆ ಪ್ರಮಾಣ ಸ್ವಲ್ಪ ಇಳಿಸಿ ಒಂದೆರಡು ವಾರ ನೋಡಿ, ಮತ್ತೆ ಇಳಿಸಿ. ಎರಡು ಔಷಧಿ ಇದ್ದರೆ ಮೊದಲು ಚುರುಕು ಮಾಡುವುದನ್ನು ಕಡಿಮೆ ಮಾಡಿ, ನೀರು ಹಿಡಿಯುವುದನ್ನು ಕೊನೆಗೆ. ಮಲ 6, 7ಕ್ಕೆ ತಿರುಗಿದರೆ ಒಂದು ದಿನ ಬಿಟ್ಟು ಕಡಿಮೆ ಪ್ರಮಾಣದಿಂದ ಶುರು ಮಾಡಿ. ಆದರೆ ಅದು 3ನೇ ಹಂತದ ಸೋರುವಿಕೆ ಅಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಂಡ ಮೇಲೆ. ಮಾರ್ಫಿನ್ ಜಾತಿಯ ಮಾತ್ರೆ ಅಥವಾ ಪಾರ್ಕಿನ್ಸನ್ ಕಾಯಿಲೆ ಇರುವವರು ಇಳಿಸಲು ಹೋಗಬೇಡಿ. ಕಾರಣ ಇರುವವರೆಗೂ ಔಷಧಿಯೂ ಜೊತೆಯಲ್ಲೇ ಇರುತ್ತದೆ, ಬಿಪಿ ಮಾತ್ರೆಯ ಹಾಗೆ ದಿನದ ಪಟ್ಟಿಯಲ್ಲಿ ಸೇರಿಸಿಬಿಡಿ.